ತೋಟದ ಮರದ ಬೇಲಿಗೆ ಬಣ್ಣದ ಎಣ್ಣೆ ಬಳಿಯುವ ಕ್ರಮ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗಿನ ತೋಟವೇ ಬೇಸಾಯಗಾರನ ಮನೆತನಕ್ಕೆ ಆಧಾರವಾಗಿರುವುದು ಸರ್ವವಿದಿತವಾದ ಸಂಗತಿ. ತೋಟಕ್ಕೆ ಗೊಬ್ಬರವನ್ನು ಹೊಡೆಯಿಸುವುದರಲ್ಲಿಯೂ ನೀರಿನ ಅನುಕೂಲವನ್ನು ಮಾಡುವುದರಲ್ಲಿಯೂ ಯಜಮಾನರು ಹಿಂದೆಗೆಯುವುದಿಲ್ಲ. ಆದರೆ ಅದೇ ತೋಟದ ಬಾಗಿಲನ್ನೂ, ಸಸಿಮಡಿಯ ಸುತ್ತಣ ಅಡ್ಡಪಟ್ಟಿಯ ಬೇಲಿಯನ್ನೂ, ದನದ ಕೊಟ್ಟಿಗೆಯ ಕಟಕಟೆಯನ್ನೂ ನೋಡಿದರೆ ಮರವು ಬೂದುಬಣ್ಣಕ್ಕೆ ತಿರುಗಿ, ಬಿರುಕುಬಿಟ್ಟು, ಬುಡದಲ್ಲಿ ಗೆದ್ದಲು ಹಿಡಿದು ವಾಲಿಕೊಂಡಿರುವುದೇ ಹೆಚ್ಚು. ಎರಡು ಮೂರು ವರ್ಷಗಳಿಗೊಮ್ಮೆ ಅದನ್ನು ಕಿತ್ತು ಹೊಸದನ್ನು ನೆಡುವುದು ವಾಡಿಕೆಯಾಗಿ, ಅದಕ್ಕೆ ತಗಲುವ ವೆಚ್ಚವು ಲೆಕ್ಕಕ್ಕೇ ಬಾರದೆ ಹೋಗುತ್ತದೆ. ಬೇಲಿಗೆ ಬಣ್ಣ ಬಳಿಯುವುದೆಂದರೆ ಪಟ್ಟಣದ ಬಂಗಲೆಯವರ ಶೋಕಿಯೆಂದು ತಿಳಿದಿರುವವರು ಅನೇಕರು. ತೆಂಗಿನ ಸೀಮೆಯಲ್ಲಿ ಅದು ಶೋಕಿಯ ಮಾತಲ್ಲ. ಬೇಲಿಯ ಮರವು ಕೊಳೆಯುವುದರಿಂದ ಬೇಲಿಯಷ್ಟೇ ಅಲ್ಲದೆ ಒಳಗಿನ ಮರಗಳಿಗೂ ಹಾನಿಯುಂಟೆಂಬುದನ್ನು ಈ ಲೇಖನದಲ್ಲಿ ತಿಳಿಸಿ, ಮನೆಯವರೇ ಕೈಯಾರೆ ಮಾಡಿಕೊಳ್ಳಬಹುದಾದ ಕ್ರಮವನ್ನು ವಿವರಿಸಲಾಗುವುದು.

ಮೊದಲು ಒಂದು ಮಾತು. ತೋಟದ ಹೊರ ಎಲ್ಲೆಗೆ ಮರದ ಬೇಲಿಯನ್ನು ಹಾಕಬೇಕೆಂದು ನಾವು ಹೇಳುವುದಿಲ್ಲ. ಕತ್ತಾಳೆ, ಕಳ್ಳಿ, ಗ್ಲಿರಿಸಿಡಿಯ ಮೊದಲಾದ ಜೀವಂತ ಬೇಲಿಯೂ, ಕಲ್ಲುಕಂಬಕ್ಕೆ ತಂತಿ ಎಳೆದ ಬೇಲಿಯೂ ಅಲ್ಲಿಗೆ ಯೋಗ್ಯವಾದವು. ಕಲ್ಲು ಸಿಕ್ಕುವ ಸೀಮೆಯಲ್ಲಿ ಮರದ ಕಂಬವನ್ನು ಸಾಲಾಗಿ ನೆಡುವುದು ದಂಡದ ಕೆಲಸ. ಮರವು ಬೇಕಾಗುವುದು ತೋಟದ ಬಾಗಿಲಿಗೆ, ಸಸಿಗಳ ಕಾಪಿಗೆ, ಕರುಗಳ ಅಂಗಳಕ್ಕೆ, ಮನೆಯ ಮುಂದಿನ ಹೂದೋಟಕ್ಕೆ ಮತ್ತು ಹಿತ್ತಲಿಗೆ. ಈ ಸ್ಥಳಗಳಲ್ಲಿ ಜಾಲಿ, ಬೇವು, ಹಲಸು, ನೀಲಗಿರಿ, ಸಿಲ್ವರ್ ಓಕ್, ಬಿದಿರು, ಅಡಿಕೆಯ ದಬ್ಬೆ ಇವುಗಳನ್ನು ಉಪಯೋಗಿಸುವರು. ಎಲ್ಲಕ್ಕಿಂತ ಸುಲಭವಾಗಿ ಕೈಗೆ ಸಿಕ್ಕುವುದು ತೆಂಗಿನ ಮರವೇ. ೨೦೧೨ರಿಂದ ಮುಂದಿನ ಬರಗಾಲದ ವರ್ಷಗಳಲ್ಲಿ ಈ ಪ್ರಾಂತದಲ್ಲಿ ಅನೇಕ ತೋಟಗಳು ಒಣಗಿ, ಕಡಿದ ಕಾಂಡಗಳು ರಾಶಿಯಾಗಿ ಬಿದ್ದವು. ಬಿದ್ದ ಮರವನ್ನು ಸೀಳಿ ಬೇಲಿಗೆ ಹಾಕುವುದು ಮಿತವ್ಯಯವಾಗಿ ತೋರುವುದು ಸಹಜ. ಅದರಲ್ಲಿ ತಿಳಿದುಕೊಳ್ಳಬೇಕಾದ ಮರ್ಮವೊಂದಿದೆ.

ತೆಂಗು ಹಲಸು ಬೇವುಗಳಂತಹ ಮರವಲ್ಲ. ಅದಕ್ಕೆ ವರ್ಷವರ್ಷಕ್ಕೂ ಬೆಳೆಯುವ ಉಂಗುರಗಳಿಲ್ಲ. ನಡುವೆ ಚೇಗೆಂಬುದು ಇಲ್ಲ. ಇತರ ಮರಗಳಲ್ಲಿ ಗಟ್ಟಿಯಾದುದು ಒಳಗೆ, ಮೆತ್ತಗಿರುವುದು ಹೊರಗೆ. ತೆಂಗಿನಲ್ಲಿ ಇದಕ್ಕೆ ವಿಪರೀತವಾಗಿ ಹೊರಗಿನ ಸುತ್ತು ಗಟ್ಟಿ, ಒಳಗಿನದು ನಾರಿನ ಬೆಂಡು. ಹೊರಸುತ್ತಿನ ಮರವು ಒಂದು ಘನ ಮೀಟರಿಗೆ ೬೦೦ ಕಿಲೋಗ್ರಾಮಿಗಿಂತ ಹೆಚ್ಚು ತೂಗಿದರೆ, ನಡುವಿನದು ೪೦೦ಕ್ಕಿಂತ ಕಡಮೆ ತೂಗುವುದು. ಬುಡದ ಕಡೆಯದು ಗಟ್ಟಿ, ತುದಿಯ ಕಡೆಯದು ಮೃದು. ಫಿಲಿಪೈನ್ಸ್ ದ್ವೀಪಗಳ ಜಾಂಬೊಅಂಗದಲ್ಲಿ ಮುದಿ ತೆಂಗಿನ ಮರಗಳ ಉಪಯೋಗವನ್ನು ಕುರಿತು ವಿಶೇಷವಾಗಿ ಪರೀಕ್ಷೆಗಳು ನಡೆದಿವೆ. ಮನೆಯ ಕೆಲಸಕ್ಕೆ ಹೊರಸುತ್ತಿನ ಮರವನ್ನೇ ಆರಿಸಿ ಕೊಯ್ಯತಕ್ಕದ್ದೆಂಬುದೂ, ಎಷ್ಟೇ ಗಟ್ಟಿಯಾದ ತೆಂಗಿನ ಮರವಾದರೂ ಔಷಧವನ್ನು ಹೀರಿಸದೆ ಮಣ್ಣಿನಲ್ಲಿ ಹೂಳಿದರೆ ಎರಡು ಮೂರು ವರ್ಷಗಳಿಗಿಂತ ಹೆಚ್ಚು ಬಾಳದೆಂಬುದೂ ಅಂತಹ ಪರೀಕ್ಷೆಗಳ ಸಾರ. ನಮ್ಮಲ್ಲಿಯಾದರೋ ಕಾಂಡವನ್ನು ನಾಲ್ಕು ಸೀಳಾಗಿ ಸೀಳಿ, ಒಳಗಿನ ಬೆಂಡನ್ನು ಕೆತ್ತಿ ತೆಗೆಯದೆ ಹಾಗೆಯೇ ನೆಡುವರು. ಮೊದಲನೆಯ ಮಳೆಗಾಲದಲ್ಲಿ ಆ ಬೆಂಡು ನೀರನ್ನು ಹೀರಿ, ಎರಡನೆಯ ಮಳೆಗಾಲಕ್ಕೆ ಹಿಡಿದರೆ ಪುಡಿಯಾಗುವಂತೆ ಆಗುತ್ತದೆ.

ಹೀಗೆ ಕೊಳೆತ ತೆಂಗಿನ ಕಾಂಡದಲ್ಲಿಯೇ ಕುರುವಾಯಿ ದುಂಬಿಯು ಮೊಟ್ಟೆಯಿಡುವುದು. ತಲೆಯ ಮೇಲೆ ಖಡ್ಗಮೃಗದಂತೆ ಕೊಂಬುಳ್ಳ ಈ ಕರಿಯ ದುಂಬಿಯನ್ನು ಅರಿಯದ ತೋಟದ ಯಜಮಾನರಿಲ್ಲ. ಅದು ರಾತ್ರಿಯಲ್ಲಿ ಹಾರಿಬಂದು, ಬಿಚ್ಚದ ಸುಳಿಯನ್ನು ಕೊರೆದು ರಸವನ್ನು ಕುಡಿಯುವುದು. ಅನಂತರ ಆ ಗರಿಯು ಬಿಚ್ಚಿಕೊಂಡಾಗ ಕತ್ತರಿಯಿಂದ ಓರೆಯಾಗಿ ಕತ್ತರಿಸಿದ ಬೀಸಣಿಗೆಯಂತೆ ಕಾಣುವುದು. ಎಳೆಯ ಸಸಿಯಾದರೆ ಸತ್ತೇ ಹೋಗಬಹುದು. ದೊಡ್ಡ ಮರವಾದರೆ ಆ ಗಾಯದ ಮಾರ್ಗವಾಗಿ ಕೆಂಪು ಮೂತಿಯ ಹುಳುವು ಹೊಕ್ಕು ಮರವನ್ನು ಒಳಗಿನಿಂದ ತಿಂದುಬಿಡುವುದು. ತಿಪ್ಪೆಯ ಗುಂಡಿಯನ್ನು ಕೆದಕಿ ಗೊಣ್ಣೆಹುಳುಗಳನ್ನು ಆರಿಸಿ ಕೊಲ್ಲುವ ಪದ್ಧತಿಯನ್ನು ಅನೇಕ ರೈತರು ಕೈಕೊಂಡಿದ್ದಾರೆ. ಆದರೆ ತಿಪ್ಪೆಯನ್ನು ಶೋಧಿಸಿ, ಹತ್ತು ಮಾರು ದೂರದಲ್ಲಿ ಕೊಳೆಯುತ್ತಿರುವ ಬೇಲಿಯ ತೆಂಗಿನ ಸೀಳುಗಳನ್ನು ಹಾಗೆಯೇ ಬಿಟ್ಟರೆ ಆ ಶ್ರಮವು ಅರ್ಧ ವ್ಯರ್ಥ. ಈ ದುಂಬಿಯು ಎಷ್ಟು ಅಲ್ಪ ಕಾರಣದಿಂದ ಹಬ್ಬುವುದೆಂಬುದಕ್ಕೆ ಪೆಸಿಫಿಕ್ ಸಾಗರದ ಸಮೋವ ದ್ವೀಪವೇ ನಿದರ್ಶನ. ಸಿಂಹಳದಿಂದ ತರಿಸಿದ ರಬ್ಬರ್ ಸಸಿಗಳ ಜೊತೆಯಲ್ಲಿ ಅಲ್ಲಿಗೆ ಸೇರಿದ ದುಂಬಿಯು ೧೯೦೯ರಲ್ಲಿ ಮೊದಲು ಕಣ್ಣಿಗೆ ಬಿದ್ದು, ಅಲ್ಲಿಂದ ಮುಂದಕ್ಕೆ ಆ ಸಮುದ್ರದ ಹಲವು ದ್ವೀಪಗಳ ತೆಂಗಿನ ಬೆಳೆಗೆ ಮಹಾ ಶತ್ರುವಾಯಿತು.

ಇನ್ನೊಂದು ಎಚ್ಚರಿಕೆ. ಈ ಸೀಮೆಯಲ್ಲಿ ಅಣಬೆ ರೋಗವೆಂದು ಹೇಳುವ ವ್ಯಾಧಿಯಿಂದ ಸತ್ತ ಮರದ ಬುಡವನ್ನು ಬೇಲಿಯ ಕಂಬಕ್ಕಾಗಲಿ ಗೂಟಕ್ಕಾಗಲಿ ಉಪಯೋಗಿಸಕೂಡದು. ಆ ರೋಗದ ಶಿಲೀಂಧ್ರವು ಬೇರು ಮತ್ತು ಮೋಟುಗಳಲ್ಲಿ ಬಹುಕಾಲ ಜೀವಿಸಿರುವುದು. ಅಂತಹ ಮರದ ಬುಡವನ್ನು ಬೇರುಸಹಿತ ಅಗೆದು ಅಲ್ಲಿಯೇ ಸುಡತಕ್ಕದ್ದೇ ಹೊರತು, ಒಂದು ಮೂಲೆಯಿಂದ ಮತ್ತೊಂದು ಮೂಲೆಗೆ ಹೊತ್ತು ನೆಟ್ಟು ರೋಗಕ್ಕೆ ದಾರಿಮಾಡಿ ಕೊಡಬಾರದು. ಇಂತಹ ಮರಕ್ಕೆ ಯಾವ ಬಣ್ಣವೂ ಔಷಧವಲ್ಲ.

ಮರವು ಎಲ್ಲಿ ಕೊಳೆಯುವುದು

ಬೇಲಿಯ ಕಂಬವು ಮುರಿದಾಗ ಪರೀಕ್ಷಿಸಿ ನೋಡಿದರೆ, ನೆಲದ ಮಟ್ಟದಲ್ಲಿ ಒಂದು ಗೇಣಿನಷ್ಟು ಭಾಗವು ಮಾತ್ರ ಕೊಳೆತು, ಮೇಲಿನದೂ ಆಳದಲ್ಲಿನದೂ ಅಷ್ಟಾಗಿ ಕೆಟ್ಟಿರುವುದಿಲ್ಲ. ಮರವನ್ನು ಕೊಳೆಯಿಸುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಮೇಲೆ ಗಾಳಿಯುಂಟು, ನೀರು ನಿಲ್ಲದು. ಆಳದಲ್ಲಿ ತೇವವುಂಟು, ಗಾಳಿ ಸಾಲದು. ಎರಡೂ ಕೂಡುವುದು ನೆಲದ ಮಟ್ಟದಲ್ಲಿಯೇ. ಮರದೊಳಗಿನ ನೀರು ಅದರ ಒಣ ತೂಕದ ನೂರಕ್ಕೆ ೨೦ರಷ್ಟಕ್ಕಿಂತ ಕೆಳಗೇ ನಿಂತಿದ್ದರೆ ಕೊಳೆಯುವ ಭಯವಿಲ್ಲ. ಆದುದರಿಂದ ಬಣ್ಣದ ಕೆಲಸದ ಮುಖ್ಯೋದ್ದೇಶವು ಮರವನ್ನು ಒಣಗಿಸಿ, ಒಣಗಿದಂತೆಯೇ ಇರಿಸುವುದು. ಇದನ್ನು ಮನಸ್ಸಿನಲ್ಲಿಟ್ಟರೆ ಮುಂದಿನ ಎಲ್ಲ ಸೂಚನೆಗಳೂ ತಾವಾಗಿ ಸ್ಪಷ್ಟವಾಗುವುವು.

ನೆಲದೊಳಗೆ ಹೂಳಿದ ಭಾಗಕ್ಕೆ ಕುಂಚದಿಂದ ಬಳಿದ ಯಾವ ಎಣ್ಣೆಯೂ ಬಹುಕಾಲ ರಕ್ಷಣೆ ಕೊಡಲಾರದೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬುಡವನ್ನು ಬೆಂಕಿಯಲ್ಲಿ ಕರಿಕು ಹಿಡಿಸಿ ನೆಡುವ ಪದ್ಧತಿಯುಂಟು. ಮೇಲಿನ ಕರಿಕು ಕೊಳೆಯದಿದ್ದರೂ, ಬೆಂಕಿಯಿಂದಾದ ಬಿರುಕುಗಳಲ್ಲಿ ನೀರೂ ಶಿಲೀಂಧ್ರವೂ ಒಳಹೊಕ್ಕು ಮಾಡುವ ಕೆಲಸವನ್ನು ಮಾಡಿಯೇ ತೀರುವುವು. ಹಸಿಯ ಮರಕ್ಕೆ ಟಾರನ್ನು ಬಳಿದರೆ ಒಳಗಿನ ನೀರಿಗೆ ಬೀಗ ಹಾಕಿದಂತಾಗುವುದು. ಡೆಹ್ರಾಡೂನಿನ ಅರಣ್ಯ ಸಂಶೋಧನ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಎಂಬ ವಿದ್ವಾಂಸರು ೧೯೩೩ರಲ್ಲಿ ತಾಮ್ರ, ಪಾಷಾಣ, ಕ್ರೋಮಿಯಂಗಳ ಲವಣಗಳನ್ನು ಸೇರಿಸಿ ಆಸ್ಕು ಎಂಬ ದ್ರವ್ಯವನ್ನು ಕಂಡುಹಿಡಿದರು. ಅದನ್ನು ಭದ್ರವಾದ ಉಕ್ಕಿನ ಕೊಳವೆಯಲ್ಲಿ ಒತ್ತಡದಿಂದ ಮರಕ್ಕೆ ಹೊಗಿಸುವ ಕ್ರಮವು ಲೋಕದ ನಾನಾ ದೇಶಗಳಿಗೆ ಹರಡಿತು. ನಮ್ಮ ದೇಶದವರ ಈ ಶೋಧನೆಯು ಹೆಮ್ಮೆಪಡತಕ್ಕದ್ದೇ. ಆದರೂ ಅದರಲ್ಲಿ ಪಾಷಾಣವಿರುವುದರಿಂದ ಅಮೆರಿಕ ದೇಶದಲ್ಲಿ ೨೦೦೩ರ ಕೊನೆಯಿಂದ ಮನೆಯ ಬೇಲಿ ಮೊದಲಾದವುಗಳಿಗೆ ಹೀಗೆ ಸಂಸ್ಕರಿಸಿದ ಮರವನ್ನು ತಯಾರಿಸುವುದನ್ನು ನಿಲ್ಲಿಸಿದರು. ಏನೇ ಇರಲಿ, ಅದು ಕಾರ್ಖಾನೆಯ ಕೆಲಸ, ಮನೆಯಲ್ಲಿ ಮಾಡತಕ್ಕದ್ದಲ್ಲ.

ರೈತನಿಗೆ ಇದಕ್ಕಿಂತ ಸರಳವಾದ ಉಪಾಯವು ಕೈಯಳತೆಯಲ್ಲಿದೆ. ಎರಡು ಅಡಿ ನೆಲದಲ್ಲಿ ಹೂತು ಒಂದು ಅಡಿ ಮೇಲಿರುವಂತೆ ಕಲ್ಲಿನ ಮೋಟನ್ನು ನೆಟ್ಟು, ಅದಕ್ಕೆ ಎರಡು ತೂತು ಹೊಡೆಯಿಸಿ, ಮರದ ಕಂಬವನ್ನು ನೆಲದಿಂದ ನಾಲ್ಕು ಅಂಗುಲ ಎತ್ತರದಲ್ಲಿ ಬೋಲ್ಟಿನಿಂದ ಬಿಗಿಯತಕ್ಕದ್ದು. ಆಗ ಮರಕ್ಕೆ ಮಣ್ಣಿನ ಸಂಪರ್ಕವೇ ಇಲ್ಲ. ಗೆದ್ದಲು ಏರಬೇಕಾದರೆ ಕಲ್ಲಿನ ಮೇಲೆ ಮಣ್ಣಿನ ಕೊಳವೆಯನ್ನು ಕಟ್ಟಿಕೊಂಡೇ ಏರಬೇಕಾಗುವುದರಿಂದ ಕಣ್ಣಿಗೆ ಬೀಳುವುದು. ಪೊರಕೆಯಿಂದ ಉಜ್ಜಿದರೆ ಹೋಗುವುದು. ಕಲ್ಲುಕಂಬದ ಒಂದು ತುಂಡು ಹೆಚ್ಚಾಯಿತೆಂದು ಲೆಕ್ಕ ನೋಡುವವರು, ಮರದ ಕಂಬವು ಎಷ್ಟು ವರ್ಷ ಹೆಚ್ಚು ಬಾಳುವುದೆಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು. ಕಂಬದ ತಲೆಯನ್ನು ಓರೆಯಾಗಿ ಕೊಯ್ದು ನೀರು ಜಾರುವಂತೆ ಮಾಡುವುದೂ, ಅಡ್ಡಪಟ್ಟಿಯ ಮೇಲಂಚನ್ನು ತುಸು ಇಳಿಜಾರಾಗಿ ಹತ್ತರಿ ಹೊಡೆಯುವುದೂ ಬಡಗಿಗೆ ಅರ್ಧ ಗಳಿಗೆಯ ಕೆಲಸ. ಇದರಿಂದಾಗುವ ಪ್ರಯೋಜನವು ಒಂದು ಡಬ್ಬಿ ಬಣ್ಣಕ್ಕಿಂತ ಹೆಚ್ಚು.

ಯಾವುದನ್ನು ಬಳಿಯಬೇಕು

ಅಂಗಡಿಯಲ್ಲಿ ದೊರೆಯುವ ಹೊಳಪಿನ ಪೇಂಟು ಮರದ ಮೇಲೆ ಪೊರೆಯಾಗಿ ನಿಲ್ಲುವುದು. ಹೊಸದರಲ್ಲಿ ಅಂದವಾಗಿಯೇ ಇರುತ್ತದೆ. ಆದರೆ ಬಿಸಿಲಿಗೂ ಮಳೆಗೂ ಮರವು ಹಿಗ್ಗಿ ಕುಗ್ಗುತ್ತಿರುವಾಗ ಪೊರೆಯು ಅದರೊಡನೆ ಹಿಗ್ಗಲಾರದೆ ಬಿರಿಯುವುದು. ಬಿರುಕಿನಲ್ಲಿ ಹೊಕ್ಕ ನೀರು ಪೊರೆಯ ಹಿಂದೆ ಸಿಕ್ಕಿಕೊಂಡು ಹೊರಬರಲಾರದೆ, ಮೇಲೆ ಬಣ್ಣವಿದ್ದಂತೆಯೇ ಒಳಗೆ ಮರವು ಕೊಳೆಯುವುದು. ಮತ್ತೆ ಬಳಿಯಬೇಕಾದರೆ ಹಳೆಯದನ್ನು ಕೆರೆದು ತೆಗೆಯದೆ ಗತಿಯಿಲ್ಲ. ಬಣ್ಣವಿಲ್ಲದ ವಾರ್ನಿಷೂ ಬಯಲಿಗೆ ಕೂಡದು. ಸೂರ್ಯಕಿರಣವು ಅದನ್ನು ದಾಟಿ ಮರದ ಅಂಟುದ್ರವ್ಯವಾದ ಲಿಗ್ನಿನ್ ಎಂಬುದನ್ನು ಕೆಡಿಸುವುದರಿಂದ ವಾರ್ನಿಷು ಬೇಗನೆ ಕಿತ್ತುಬರುವುದು. ಮರವು ಬೂದುಬಣ್ಣವಾಗುವುದೂ ಇದೇ ಕಾರಣದಿಂದ.

ಮರದೊಳಗೆ ಇಂಗಿ, ಪೊರೆಯನ್ನು ಕಟ್ಟದೆ, ಬಿಸಿಲನ್ನು ತಡೆಯುವ ಬಣ್ಣದ ಪುಡಿಯನ್ನು ಹೊತ್ತಿರುವ ತೆಳುವಾದ ಎಣ್ಣೆಯೇ ಬೇಲಿಗೆ ಸರಿಯಾದ ಲೇಪನ. ಇಂಗ್ಲಿಷಿನಲ್ಲಿ ಇದನ್ನು ಸ್ಟೇನ್ ಎಂದು ಕರೆಯುವರು. ಇದು ಸುಲಿಯುವುದಿಲ್ಲ, ಕ್ರಮಕ್ರಮವಾಗಿ ಸವೆಯುವುದು. ಸವೆದಾಗ ಧೂಳನ್ನು ಒರೆಸಿ ಮೇಲೊಂದು ಕೈ ಬಳಿದರಾಯಿತು.

ಇಲ್ಲಿ ಎಣ್ಣೆಯ ವಿಚಾರವನ್ನು ಸ್ವಲ್ಪ ಹೇಳಬೇಕು. ಕೊಬ್ಬರಿಯ ನಾಡಿನಲ್ಲಿ ಕೊಬ್ಬರಿ ಎಣ್ಣೆಯನ್ನೇ ಬಳಿಯಬಾರದೇಕೆಂದು ಕೇಳುವವರುಂಟು. ಎಣ್ಣೆಗಳಲ್ಲಿ ಒಣಗುವ ಜಾತಿಯೆಂದೂ ಒಣಗದ ಜಾತಿಯೆಂದೂ ಭೇದವಿದೆ. ಅಗಸೆ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದು. ಕೊಬ್ಬರಿ ಎಣ್ಣೆಯು ವರ್ಷವಾದರೂ ಗಟ್ಟಿಯಾಗದೆ ಜಿಡ್ಡಾಗಿಯೇ ಉಳಿದು, ಧೂಳನ್ನೂ ಬೂಷ್ಟನ್ನೂ ಹಿಡಿಯುವುದು. ಅದನ್ನು ತಲೆಗೂ ದೀಪಕ್ಕೂ ಉಳಿಸಿಕೊಳ್ಳುವುದೇ ಮೇಲು. ಹೊಂಗೆ ಎಣ್ಣೆಯ ಕಹಿಗೆ ಹುಳುಗಳು ಹೇಸುವುದು ನಿಜವಾದರೂ, ಅದೂ ಸರಿಯಾಗಿ ಒಣಗುವುದಲ್ಲ; ಒಳಗಿನ ಕಟ್ಟಿಗೆಗಳಿಗೆ ಆಗಾಗ ಸವರಲು ತಕ್ಕುದು, ಬಯಲಿನ ಬೇಲಿಗೆ ಸಾಲದು. ಕರಾವಳಿಯಲ್ಲಿ ದೋಣಿಗಳಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯು ಬಲವಾದ ರಕ್ಷಕವೇ. ಆದರೆ ಮೈಗೆ ತಾಕಿದರೆ ಬೊಬ್ಬೆಯೇಳುವುದರಿಂದ ಅನುಭವವಿಲ್ಲದವರು ಅದರ ಗೊಡವೆಗೆ ಹೋಗದಿರುವುದು ಲೇಸು.

ಬಣ್ಣಕ್ಕೆ ಕಬ್ಬಿಣದ ಆಕ್ಸೈಡಾದ ಕೆಂಪು ಪುಡಿಗಿಂತ ಉತ್ತಮವಾದುದು ಬೇರೊಂದಿಲ್ಲ. ಚಿಕ್ಕನಾಯಕನಹಳ್ಳಿಯ ಅದಿರಿನ ಗುಡ್ಡಗಳ ಮಣ್ಣಿಗೆ ಆ ಕೆಂಪು ಬಂದಿರುವುದೂ ಇದರಿಂದಲೇ. ಹಾಗೆಂದು ಗಣಿಯ ಧೂಳನ್ನು ತಂದು ಕಲಸಬಾರದು. ಅದರಲ್ಲಿ ಮರಳೂ ಇತರ ಲೋಹಗಳ ಅಂಶವೂ ಬೆರೆತಿರುವುದು. ಗಾರೆಯ ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿಯು ತಿಪಟೂರಿನಂತಹ ಪೇಟೆಯ ಬಣ್ಣದ ಅಂಗಡಿಗಳಲ್ಲಿ ದೊರೆಯುವುದು. ಕಾವಿಯೂ ಆಗಬಹುದು, ನಯವಾಗಿ ಅರೆದು ಬಟ್ಟೆಯಲ್ಲಿ ಸೋಸಿರಬೇಕು.

ಎಣ್ಣೆಯ ಲೇಪನದ ಪ್ರಮಾಣವು ಹೀಗೆ: ಅಂಗಡಿಯಲ್ಲಿ ಬೇಯಿಸಿದ ಲಿನ್ಸೀಡ್ ಎಣ್ಣೆಯೆಂದು ಮಾರುವ ಅಗಸೆ ಎಣ್ಣೆ ೩ ಲೀಟರು, ಟರ್ಪೆಂಟೈನು ೧ ಲೀಟರು, ಕೆಂಪು ಪುಡಿ ಸುಮಾರು ೩೦೦ ಗ್ರಾಂ. ಅಮೆರಿಕದ ಮ್ಯಾಡಿಸನ್ ನಗರದ ಅರಣ್ಯೋತ್ಪನ್ನ ಪ್ರಯೋಗಾಲಯದವರು ಪ್ರಸಿದ್ಧಿಗೆ ತಂದ ಲೇಪನದಲ್ಲಿಯೂ ಎಣ್ಣೆಗೂ ದ್ರಾವಕಕ್ಕೂ ಮೂರಕ್ಕೆ ಒಂದರಂತೆಯೇ ಪ್ರಮಾಣವಿತ್ತು; ಅದರಲ್ಲಿ ಸೇರಿಸುತ್ತಿದ್ದ ಪೆಂಟಕ್ಲೋರೊಫಿನಾಲ್ ಎಂಬ ವಿಷವನ್ನು ಮಾತ್ರ ನಾವು ಬಿಡತಕ್ಕದ್ದು. ಮೊದಲು ಪುಡಿಯನ್ನು ಸ್ವಲ್ಪ ಎಣ್ಣೆಯಲ್ಲಿ ಚಟ್ನಿಯಂತೆ ಅರೆದು, ಉಳಿದ ಎಣ್ಣೆಯನ್ನು ಸೇರಿಸುತ್ತ ತೆಳುಮಾಡಿ, ಕೊನೆಯಲ್ಲಿ ಟರ್ಪೆಂಟೈನನ್ನು ಬೆರಸಿ ಬಟ್ಟೆಯಲ್ಲಿ ಸೋಸಬೇಕು. ಪುಡಿಯು ತಳಕ್ಕಿಳಿಯುವುದರಿಂದ ಬಳಿಯುವಾಗಲೆಲ್ಲ ಕೋಲಿನಿಂದ ಕಲಕುತ್ತಿರಬೇಕು. ಈ ಬೇಯಿಸಿದ ಎಣ್ಣೆಯಲ್ಲಿ ಬೇಗ ಒಣಗಿಸುವ ಲೋಹದ ಲವಣಗಳು ಸೇರಿರುವುವಾದುದರಿಂದ ಅದು ತಿನ್ನುವ ಪದಾರ್ಥವಲ್ಲ; ಅಡಿಗೆಯ ಮನೆಯಲ್ಲಿ ಇಡಕೂಡದು.

ಅಗಸೆ ಎಣ್ಣೆಗೆ ಒಂದು ದೋಷವುಂಟು. ತೆಂಗಿನ ನೆರಳಿನಲ್ಲಿ, ನೀರು ಹಾಯಿಸುವ ಪಾತಿಗಳ ಮಗ್ಗುಲಲ್ಲಿ, ಗಾಳಿಯಾಡದ ಕಡೆ ಅದರ ಮೇಲೆ ಕರಿಯ ಬೂಷ್ಟು ಕಟ್ಟುವುದು. ಅಂತಹ ಸ್ಥಳಕ್ಕೆ ಸ್ವೀಡನ್ ದೇಶದ ಹಳ್ಳಿಗರ ಕ್ರಮವು ಹೆಚ್ಚು ಹೊಂದುವುದೆಂದು ನಮ್ಮ ಅಭಿಪ್ರಾಯ. ಆ ದೇಶದ ಫಾಲುನ್ ಎಂಬ ಊರಿನ ತಾಮ್ರದ ಗಣಿಯಲ್ಲಿ ಉಳಿದ ಕೆಂಪು ಮಣ್ಣನ್ನು ಹಿಟ್ಟಿನ ಗಂಜಿಯಲ್ಲಿ ಕುದಿಸಿ, ಶತಮಾನಗಳಿಂದಲೂ ಮರದ ಮನೆಗಳಿಗೂ ಬೇಲಿಗಳಿಗೂ ಬಳಿಯುತ್ತ ಬಂದಿದ್ದಾರೆ. ಗಣಿಯು ೧೯೯೨ರಲ್ಲಿ ಮುಚ್ಚಿದರೂ ಬಣ್ಣದ ತಯಾರಿಕೆಯು ನಿಂತಿಲ್ಲ. ನೀರು ೧೦ ಲೀಟರು, ಅನ್ನಭೇದಿ ೪೦೦ ಗ್ರಾಂ, ಹಿಟ್ಟು ೮೦೦ ಗ್ರಾಂ, ಕೆಂಪು ಪುಡಿ ೧ ಕಿಲೋ ೬೦೦ ಗ್ರಾಂ, ಇಷ್ಟೇ ಅದರ ಸಾಮಗ್ರಿ. ಕುದಿಯುವ ನೀರಿನಲ್ಲಿ ಅನ್ನಭೇದಿಯನ್ನು ಕರಗಿಸಿ, ಗಂಟಾಗದಂತೆ ಹಿಟ್ಟನ್ನು ಕದಡಿ ಕಾಲು ಗಂಟೆ ಬೇಯಿಸಿ, ಪುಡಿಯನ್ನು ಹಾಕಿ ಮತ್ತೆ ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಬೇಕು. ಅಲ್ಲಿಯವರು ರೈ ಎಂಬ ಧಾನ್ಯದ ಹಿಟ್ಟನ್ನು ಉಪಯೋಗಿಸುವರು. ಗೋಧಿಯ ಹಿಟ್ಟಿನಿಂದಲೂ ಆಗುತ್ತದೆ. ಬೇಕಾದರೆ ಕೊನೆಗೆ ಅರ್ಧ ಲೀಟರು ಅಗಸೆ ಎಣ್ಣೆಯನ್ನು ಸೇರಿಸಬಹುದು. ಆಗ ಬಟ್ಟೆಗೆ ಅಷ್ಟಾಗಿ ಹತ್ತದು. ಅನ್ನಭೇದಿಯು ಬೂಷ್ಟನ್ನು ತಡೆಯುವುದು. ಇದನ್ನು ಗರಗಸದಿಂದ ಕೊಯ್ದ ಒರಟು ಮರಕ್ಕೆ ಮಾತ್ರ ಬಳಿಯಬೇಕು. ನುಣುಪಾಗಿ ಹತ್ತರಿ ಹೊಡೆದ ಮರಕ್ಕೂ ಹಳೆಯ ಪೇಂಟಿನ ಮೇಲೂ ಇದು ಹಿಡಿಯದು. ಗಂಜಿಯು ಹಳಸುವುದರಿಂದ ಎರಡು ಮೂರು ದಿನಗಳೊಳಗೆ ಮುಗಿಸತಕ್ಕದ್ದು. ಬೇಯಿಸಿದ ಪಾತ್ರೆಯನ್ನು ಅಡಿಗೆಗೆ ತಿರುಗಿ ಉಪಯೋಗಿಸಬಾರದು.

ಬಿದಿರಿನ ಗಳ ಮತ್ತು ತೆಳುವಾದ ದಬ್ಬೆಗಳಿಗೆ ಬಣ್ಣಕ್ಕೆ ಮೊದಲು ಬೋರಾಕ್ಸಿನ ಸ್ನಾನವನ್ನು ಮಾಡಿಸಿದರೆ ಕುಟ್ಟೆಹುಳು ಬೀಳುವುದಿಲ್ಲ. ೧೦ ಲೀಟರು ನೀರಿಗೆ ಬೋರಾಕ್ಸು ೩೦೦ ಗ್ರಾಂ, ಬೋರಿಕ್ ಆಮ್ಲ ೨೦೦ ಗ್ರಾಂ ಕರಗಿಸಿ, ಒಂದು ವಾರ ಮುಳುಗಿಸಿಟ್ಟು, ನೆರಳಿನಲ್ಲಿ ಒಣಗಿಸಬೇಕು. ಈ ಲವಣಗಳು ಮಳೆಯಲ್ಲಿ ತೊಳೆದುಹೋಗುವ ಸ್ವಭಾವದವು. ಮೇಲೆ ಎಣ್ಣೆಯ ಲೇಪನವಿಲ್ಲದಿದ್ದರೆ ಪ್ರಯೋಜನವಿಲ್ಲ. ದನಗಳು ಆ ನೀರನ್ನು ಕುಡಿಯದಂತೆ ನೋಡಿಕೊಳ್ಳಬೇಕು.

ಟ್ರ್ಯಾಕ್ಟರಿನಿಂದಲೂ ಪಂಪಿನಿಂದಲೂ ಇಳಿಸಿದ ಸುಟ್ಟ ಎಂಜಿನ್ ಎಣ್ಣೆಯನ್ನು ಬೇಲಿಗೆ ಬಳಿಯುವ ರೂಢಿಯು ಬಹಳವಾಗಿ ಕಾಣುತ್ತದೆ. ಕಾಸಿಲ್ಲದೆ ಸಿಕ್ಕುವುದೆಂಬುದೊಂದೇ ಅದರ ಗುಣ. ಅದು ಒಣಗುವುದಿಲ್ಲ, ಆಳಕ್ಕೆ ಇಳಿಯುವುದಿಲ್ಲ. ಮಳೆ ಬಂದಾಗ ಲೋಹದ ಪುಡಿಯನ್ನೂ ವಿಷಕರವಾದ ಮಸಿಯನ್ನೂ ಹೊತ್ತು ತೋಟದ ಮಣ್ಣಿಗೆ ಇಳಿಯುವುದು. ಕಲ್ಲಿದ್ದಲಿನಿಂದ ತೆಗೆದ ಕ್ರಿಯೋಸೋಟು ಹಿಂದೆ ರೈಲಿನ ಅಡ್ಡಮರಗಳಿಗೂ ತಂತಿಯ ಕಂಬಗಳಿಗೂ ಪ್ರಸಿದ್ಧವಾಗಿದ್ದಿತು. ಅದು ಮರಕ್ಕೆ ರಕ್ಷಣೆಯಾದರೂ ಕ್ಯಾನ್ಸರ್ ರೋಗಕ್ಕೆ ಕಾರಣವಾಗಬಲ್ಲುದೆಂದು ಸಿದ್ಧವಾಗಿರುವುದರಿಂದ, ಮಕ್ಕಳೂ ಕರುಗಳೂ ಮುಟ್ಟುವ ಬೇಲಿಗೆ ಸಲ್ಲದು.

ಕೆಲಸದ ಕ್ರಮ

ಮಾಘ ಫಾಲ್ಗುಣ ಮಾಸಗಳೇ ಇದಕ್ಕೆ ತಕ್ಕ ಕಾಲ. ಹಿಂಗಾರಿನ ತೇವವು ಅಷ್ಟರಲ್ಲಿ ಮರದಿಂದ ಹೋಗಿರುವುದು; ಮೇ ತಿಂಗಳ ಗುಡುಗು ಮಳೆಗೆ ಮೊದಲು ಲೇಪನವು ಗಟ್ಟಿಯಾಗುವುದಕ್ಕೂ ಅವಕಾಶವಿರುವುದು. ಹೊಸದಾಗಿ ಕೊಯ್ಯಿಸಿದ ಮರವಾದರೆ ನಡುವೆ ಗಾಳಿಯಾಡುವಂತೆ ಕಡ್ಡಿಯಿಟ್ಟು ನೆರಳಿನಲ್ಲಿ ಪೇರಿಸಿ, ಕೆಲವು ತಿಂಗಳು ಆರಿಸಿದ ಹೊರತು ಬಳಿಯಲಾಗದು. ನೀರಿನ ನಾಲ್ಕು ಹನಿಯನ್ನು ಮರದ ಮೇಲೆ ಚಿಮುಕಿಸಿ ನೋಡಿರಿ. ಕೂಡಲೇ ಇಂಗಿದರೆ ಲೇಪನವೂ ಇಂಗುವುದು, ಮಣಿಯಂತೆ ನಿಂತರೆ ಇನ್ನೂ ಕಾಲವಾಗಿಲ್ಲವೆಂದಾಗಲಿ ಹಳೆಯ ಜಿಡ್ಡಿದೆಯೆಂದಾಗಲಿ ತಿಳಿಯಬೇಕು.

ಹಳೆಯ ಬೇಲಿಯಾದರೆ ಮೊದಲು ಚೂಪಾದ ಕಬ್ಬಿಣದ ಮೊಳೆಯಿಂದ ಕೀಲುಗಳನ್ನೂ ಬುಡಗಳನ್ನೂ ಚುಚ್ಚಿ ಪರೀಕ್ಷಿಸಬೇಕು. ಮೊಳೆಯು ಮೆತ್ತಗೆ ಒಳಹೋದ ಕಡೆ ಮರವು ಕೊಳೆತಿದೆ. ಅದನ್ನು ಬದಲಾಯಿಸದೆ ಮೇಲೆ ಬಣ್ಣ ಹಚ್ಚುವುದು ಹುಣ್ಣಿನ ಮೇಲೆ ಗಂಧ ಹಚ್ಚಿದಂತೆ. ತೆಂಗಿನ ಸೀಳಾದರೆ ಒಳಮಗ್ಗುಲಿನ ಬೆಂಡನ್ನು ಬಾಚಿಯಿಂದ ಗಟ್ಟಿಯ ಮರದವರೆಗೂ ಕೆತ್ತಿಹಾಕಬೇಕು. ಅನಂತರ ಬೂದಿಬಣ್ಣದ ಪದರವನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಪಾಚಿಯಿದ್ದರೆ ಸೋಪಿನ ನೀರಿನಿಂದ ತೊಳೆದು, ಎರಡು ಮೂರು ದಿನ ಬಿಸಿಲಿನಲ್ಲಿ ಆರಲು ಬಿಡಬೇಕು.

ಬಳಿಯುವುದಕ್ಕೆ ಹೊತ್ತು ಬೆಳಗಿನ ಇಬ್ಬನಿ ಆರಿದ ಮೇಲೆ ಅಥವಾ ಬಿಸಿಲು ಇಳಿದ ಮೇಲೆ. ನಡುಬಿಸಿಲಿನಲ್ಲಿ ಕಾದ ಮರದ ಮೇಲೆ ಎಣ್ಣೆಯು ಇಂಗುವುದಕ್ಕೆ ಮೊದಲೇ ಒಣಗತೊಡಗಿ ಪಟ್ಟೆಪಟ್ಟೆಯಾಗುವುದು. ಒರಟು ಮರಕ್ಕೆ ಬೆಲೆಯ ಕುಂಚವೇ ಬೇಕೆಂದಿಲ್ಲ. ತೆಂಗಿನ ಮಟ್ಟೆಯ ತುದಿಯನ್ನು ನೆನೆಸಿ ಜಜ್ಜಿ ನಾರು ಬಿಡಿಸಿದರೆ ಸುಣ್ಣ ಬಳಿಯುವ ಕುಂಚದಂತೆಯೇ ಕೆಲಸಮಾಡುವುದು. ಕೊಯ್ದ ತುದಿಗಳಿಂದಲೇ ಆರಂಭಿಸಬೇಕು. ಮರವು ನೀರನ್ನು ಕುಡಿಯುವುದು ಮೈಯಿಂದ ಸ್ವಲ್ಪ, ತುದಿಯಿಂದ ಬಹಳ. ಒಂದು ಹಿಡಿ ಒಣಹುಲ್ಲನ್ನು ಅಡ್ಡಲಾಗಿಯೂ ನೆಟ್ಟಗೂ ನೀರಿನಲ್ಲಿಟ್ಟು ನೋಡಿದವರಿಗೆ ಇದು ಹೊಸ ಮಾತಲ್ಲ. ಆದುದರಿಂದ ಕಂಬದ ತಲೆಗೂ, ಪಟ್ಟಿಗಳ ಎರಡು ಕೊನೆಗಳಿಗೂ, ಬೋಲ್ಟಿನ ತೂತಿಗೂ ಇಂಗುವಷ್ಟು ಕಾಲವೂ ಮತ್ತೆ ಮತ್ತೆ ಕುಡಿಸಬೇಕು. ಸಾಧ್ಯವಾದರೆ ಜೋಡಿಸುವುದಕ್ಕೆ ಮೊದಲೇ ಬಳಿಯುವುದು ಸರ್ವೋತ್ತಮ. ಜೋಡಿಸಿದ ಮೇಲೆ ಕೀಲಿನೊಳಗೆ ಕುಂಚವು ತಲುಪದು. ಮೈಗೆ ಬಳಿದ ಎಣ್ಣೆಯು ಅರ್ಧ ಗಂಟೆಯಾದರೂ ಇಂಗದೆ ಹೊಳೆಯುತ್ತಿದ್ದರೆ ಬಟ್ಟೆಯಿಂದ ಒರೆಸಿಬಿಡಬೇಕು. ಇಲ್ಲವಾದರೆ ಅಂಟಾಗಿ ನಿಲ್ಲುವುದು. ಎರಡು ದಿನ ಬಿಟ್ಟು ಎರಡನೆಯ ಕೈ.

ಎಷ್ಟು ಬೇಕಾಗುವುದೆಂಬುದಕ್ಕೆ ಒಂದು ಲೆಕ್ಕ. ನೂರು ಅಡಿ ಉದ್ದ, ನಾಲ್ಕು ಅಡಿ ಎತ್ತರದ ಬೇಲಿ. ಎಂಟು ಅಡಿಗೊಂದರಂತೆ ನಾಲ್ಕಂಗುಲದ ಚೌಕದ ೧೪ ಕಂಬಗಳು. ನಾಲ್ಕಂಗುಲ ಅಗಲ, ಒಂದಂಗುಲ ದಪ್ಪದ ಮೂರು ಸಾಲು ಅಡ್ಡಪಟ್ಟಿ. ಪಟ್ಟಿಗಳ ಎಲ್ಲ ಮಗ್ಗುಲೂ ಸೇರಿ ೨೫೦ ಚದರಡಿ, ಕಂಬಗಳು ೭೫ ಚದರಡಿ, ಒಟ್ಟು ೩೨೫. ಒರಟು ಮರದಲ್ಲಿ ಒಂದು ಲೀಟರು ಎಣ್ಣೆಯು ೫೦ರಿಂದ ೬೦ ಚದರಡಿಗೆ ಬರುವುದು. ಮೊದಲನೆಯ ಕೈಗೆ ೬ ಲೀಟರು, ಎರಡನೆಯದಕ್ಕೆ ಅದರ ಅರ್ಧ, ಒಟ್ಟು ೯ ಲೀಟರಿದ್ದರೆ ಸಾಕು.

ಇಲ್ಲಿ ಅತ್ಯಂತ ಗಮನವಿಡಬೇಕಾದ ಸಂಗತಿಯೊಂದಿದೆ. ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನೂ ನಾರನ್ನೂ ಮುದ್ದೆಮಾಡಿ ಎಸೆದರೆ, ಎಣ್ಣೆಯು ಒಣಗುವಾಗ ಹುಟ್ಟುವ ಕಾವು ಒಳಗೇ ಕೂಡಿಕೊಂಡು, ಯಾರೂ ಕಡ್ಡಿ ಗೀರದೆಯೇ ಕೆಲವು ಗಂಟೆಗಳಲ್ಲಿ ತಾನಾಗಿ ಬೆಂಕಿ ಹತ್ತಬಲ್ಲುದು. ಸೋಗೆಯ ಚಪ್ಪರ, ಮಟ್ಟೆಯ ರಾಶಿ, ಕಾಯಿ ತು೦ಬಿದ ಅಟ್ಟ ಇವು ಒಂದೇ ಅಂಗಳದಲ್ಲಿರುವ ನಮ್ಮ ಮನೆಗಳಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾದುದಿಲ್ಲ. ಕೆಲಸ ಮುಗಿದ ಕೂಡಲೇ ಬಟ್ಟೆಗಳನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಬೇಕು, ಅಥವಾ ಒಂದೊಂದನ್ನೇ ಬಿಡಿಸಿ ಬಯಲಿನಲ್ಲಿ ಕಲ್ಲಿನ ಮೇಲೆ ಹರಡಿ ಗಟ್ಟಿಯಾಗುವವರೆಗೆ ಒಣಗಿಸಬೇಕು. ಆಳುಗಳಿಗೆ ಈ ಮಾತನ್ನು ಹೇಳಿದರೆ ಸಾಲದು. ಯಜಮಾನನು ನಿಂತು ಮಾಡಿಸತಕ್ಕದ್ದು.

ಅಟ್ಟದ ಮಾತು ಬಂದುದರಿಂದ ಮತ್ತೊಂದನ್ನು ಹೇಳಬೇಕಾಗಿದೆ. ಮಿಕ್ಕ ಎಣ್ಣೆಯು ಹಾಳಾಗಬಾರದೆಂದು ಕೊಬ್ಬರಿಯ ಅಟ್ಟದ ದಬ್ಬೆಗಳಿಗೆ ಬಳಿಯುವ ಯೋಚನೆ ಬರಬಹುದು. ಬೇಲಿಯ ಯಾವ ಲೇಪನವನ್ನೂ, ಬೋರಾಕ್ಸನ್ನೂ, ಅಲ್ಲಿಗೆ ತರಲೇಬಾರದು. ಬಲಿತ ಕಾಯಿಗಳು ೮ರಿಂದ ೧೨ ತಿಂಗಳವರೆಗೆ ಆ ದಬ್ಬೆಗಳ ಮೇಲೆಯೇ ಇದ್ದು ಉಂಡೆಕೊಬ್ಬರಿಯಾಗುವುವು. ಎಣ್ಣೆಯ ವಾಸನೆಯು ಕೊಬ್ಬರಿಗೆ ಹತ್ತಿದರೆ, ತಿಪಟೂರಿನ ಮಾರುಕಟ್ಟೆಯಲ್ಲಿ ಅದರ ಬೆಲೆ ಏನಾಗುವುದೆಂಬುದನ್ನು ಬೆಳೆಗಾರರೇ ಬಲ್ಲರು. ಮಿಕ್ಕುದನ್ನು ನೇಗಿಲಿನ ಹಿಡಿಗೂ ಗುದ್ದಲಿಯ ಕಾವಿಗೂ ಹಚ್ಚಬಹುದು. ದನಗಳು ಬೇಲಿಯನ್ನು ನೆಕ್ಕುವ ಅಭ್ಯಾಸದವಾದುದರಿಂದ ಕೊಟ್ಟಿಗೆಯ ಕಟಕಟೆಗೆ ಬಳಿದ ಮೇಲೆ ಎರಡು ವಾರಗಳವರೆಗೆ ಅವನ್ನು ಬೇರೆ ಕಡೆ ಕಟ್ಟುವುದು ಕ್ಷೇಮ.

ಒಮ್ಮೆ ಹೀಗೆ ಮಾಡಿದ ಬೇಲಿಗೆ ಎರಡು ವರ್ಷಕ್ಕೊಮ್ಮೆ, ಪಶ್ಚಿಮದ ಬಿಸಿಲು ಬೀಳುವ ಮಗ್ಗುಲಿಗೆ ಬೇಕಾದರೆ ವರ್ಷಕ್ಕೊಮ್ಮೆ, ಒಂದು ಕೈ ಬಳಿದರೆ ಸಾಕಾಗುವುದು. ಹನಿ ನೀರಿನ ಪರೀಕ್ಷೆಯಲ್ಲಿ ಮರವು ಮತ್ತೆ ನೀರನ್ನು ಕುಡಿಯತೊಡಗಿದರೆ ಅದೇ ಗುರುತು.

ಗ್ರಾಮದ ಮುಖಂಡರು ಒಂದು ಕೆಲಸವನ್ನು ತಮ್ಮ ಮೇಲೆ ಹಾಕಿಕೊಂಡರೆ ಬಹಳ ಉಪಕಾರವಾಗುವುದು. ದುಂಬಿಗೆ ಸರ್ವೆ ನಂಬರಿನ ಎಲ್ಲೆಯಿಲ್ಲ. ಒಬ್ಬನು ಬೇಲಿಯನ್ನು ಸರಿಪಡಿಸಿ ನೆರೆಯವನು ಕೊಳೆತ ಸೀಳುಗಳನ್ನು ಹಾಗೆಯೇ ಬಿಟ್ಟರೆ ಇಬ್ಬರ ಸುಳಿಗೂ ಅಪಾಯವೇ. ಬೇಸಗೆಯಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಊರಿನ ತೋಟಗಳಲ್ಲಿ ಬೇಲಿಯಿಂದ ಕಿತ್ತ ಕೊಳೆತ ತೆಂಗಿನ ಮರವನ್ನೂ, ಬಿದ್ದಿರುವ ಮೋಟುಗಳನ್ನೂ ಸೀಳಿ, ಒಳಗಿರುವ ಗೊಣ್ಣೆಹುಳುಗಳನ್ನು ಕೋಳಿಗಳಿಗೆ ಹಾಕಿ, ಮರವನ್ನು ಒಣಗಿಸಿ ಸುಡಿಸಬೇಕು. ಬಣ್ಣ ಕಾಣದ ಮರದ ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಅದನ್ನು ತೆಂಗಿನ ಬುಡಕ್ಕೇ ಹಾಕಬಹುದು. ಪೇಂಟನ್ನಾಗಲಿ, ಸುಟ್ಟ ಎಂಜಿನ್ ಎಣ್ಣೆಯನ್ನಾಗಲಿ, ಕಾರ್ಖಾನೆಯ ಔಷಧವನ್ನಾಗಲಿ ಹೀರಿದ ಮರವನ್ನು ಮಾತ್ರ ಒಲೆಯಲ್ಲಿಯೂ ತೋಟದಲ್ಲಿಯೂ ಸುಡದೆ ಬೇರೆಯಾಗಿರಿಸಿ, ಗ್ರಾಮ ಪಂಚಾಯಿತಿಯವರು ಕಸಕ್ಕೆ ಗೊತ್ತುಮಾಡಿರುವ ಸ್ಥಳಕ್ಕೆ ಸಾಗಿಸತಕ್ಕದ್ದು.